ಕೊಟ್ಟದ್ದು, ಕೊಡದಿದ್ದದ್ದು: ಜಪಾನಿನ ಮೊದಲ ನೋಟದಲ್ಲಿ ಒಂದು ವಿಚಾರ

ಹೊಸ ನಾಡಿಗೆ ಕಾಲಿಟ್ಟ ಪ್ರವಾಸಿಯ ಕಣ್ಣು ಏಕಕಾಲಕ್ಕೆ ಎರಡು ಕೆಲಸಗಳನ್ನು ಮಾಡುತ್ತದೆ. ಎದುರಿಗಿರುವುದನ್ನು ನೋಡುತ್ತದೆ; ಬಿಟ್ಟು ಬಂದದ್ದರೊಡನೆ ಅದನ್ನು ತೂಗುತ್ತದೆ. ಆದುದರಿಂದ ಪರದೇಶವನ್ನು ಕುರಿತು ನಾವಾಡುವ ಮೊದಲ ಮಾತಿನಲ್ಲಿ ಅರ್ಧದಷ್ಟು ನಮ್ಮ ಊರಿನ ಮಾತೇ ಆಗಿರುತ್ತದೆ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು ಭಾಷೆ ಆಡುತ್ತ ಬೆಳೆದ ಗಡಿನಾಡಿನ ಶ್ರಾವಕ ಕುಟುಂಬಗಳಿಗೆ ಇದು ಹೊಸ ಅನುಭವವೇನಲ್ಲ. ನೆರೆಯವರ ನಡೆಯನ್ನು ಯಾರ ಅಳತೆಗೋಲಿನಿಂದ ಅಳೆಯಬೇಕು ಎಂಬ ಪ್ರಶ್ನೆ ನಮಗೆ ಚಿರಪರಿಚಿತ. ಜಪಾನಿನಲ್ಲಿ ಕಳೆದ ಕೆಲವು ದಿನಗಳು ಆ ಪ್ರಶ್ನೆಯನ್ನು ಮತ್ತಷ್ಟು ಹರಿತಗೊಳಿಸಿದವು.

ಅಲ್ಲಿನ ಹಳ್ಳಿಗಳಲ್ಲಿಯೂ ನಗರಗಳ ಅಂಚಿನಲ್ಲಿಯೂ ರಸ್ತೆಬದಿಗೆ ಚಿಕ್ಕ ಗೂಡಂಗಡಿಗಳಿವೆ. ಸೌತೆ, ಬದನೆ, ಕಿತ್ತಳೆಗಳನ್ನು ಜೋಡಿಸಿಟ್ಟಿರುತ್ತಾರೆ. ಪಕ್ಕದಲ್ಲಿ ನಾಣ್ಯ ಹಾಕುವ ಡಬ್ಬಿ. ಹಲವೆಡೆ ಒಂದು ಕಟ್ಟಿಗೆ 100 ಯೆನ್. ಮಾರುವವರು ಅಲ್ಲಿರುವುದಿಲ್ಲ. ಕೊಳ್ಳುವವರು ಹಣ ಹಾಕಿ, ಕಟ್ಟನ್ನು ಎತ್ತಿಕೊಂಡು ಹೋಗುತ್ತಾರೆ. ರೈಲಿನಲ್ಲಿ ಮರೆತ ಕೈಚೀಲ ಬಹಳ ಸಲ ಒಡೆಯನಿಗೆ ಮರಳಿ ಸಿಗುತ್ತದೆ. ಟೋಕಿಯೊ ನಗರದ ಪೊಲೀಸರ ಬಳಿಗೆ 2018ರ ಒಂದೇ ವರ್ಷದಲ್ಲಿ 40 ಲಕ್ಷಕ್ಕೂ ಹೆಚ್ಚು ಕಳೆದುಹೋದ ವಸ್ತುಗಳು ಬಂದಿದ್ದವು. 1995ರಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ವಿಷಾನಿಲದ ದಾಳಿ ನಡೆದ ಮೇಲೆ ಸಾರ್ವಜನಿಕ ಸ್ಥಳಗಳ ಕಸದ ತೊಟ್ಟಿಗಳನ್ನು ಬಹುಮಟ್ಟಿಗೆ ತೆಗೆಯಲಾಯಿತು. ಆದರೂ ಬೀದಿಗಳು ನಿರ್ಮಲವಾಗಿವೆ, ಏಕೆಂದರೆ ಜನ ತಮ್ಮ ಕಸವನ್ನು ತಾವೇ ಮನೆಗೆ ಒಯ್ಯುತ್ತಾರೆ. ಶಾಲೆಯ ಕೊಠಡಿಗಳನ್ನು ಮಕ್ಕಳೇ ಗುಡಿಸಿ ಒರೆಸುತ್ತಾರೆ.

ಇವನ್ನು ಕಂಡಾಗ ಮನಸ್ಸು ಕೂಡಲೇ ‘ಇದೇ ಅಚೌರ್ಯಾಣುವ್ರತ’ ಎಂದುಬಿಡುತ್ತದೆ. ಆದರೆ ಮೊದಲ ನೋಟ ಒಂದು ನಯ ಮಾತ್ರ. ಸ್ವಲ್ಪ ನಿಂತು ವಿಚಾರಿಸಿದರೆ ಇನ್ನೊಂದು ಮುಖವೂ ಕಾಣುತ್ತದೆ. ನಗರದ ಬಡಾವಣೆಗಳಲ್ಲಿ ಚಿಕ್ಕ ಪೊಲೀಸ್ ಚೌಕಿಗಳಿವೆ. ಸಿಕ್ಕ ವಸ್ತುವನ್ನು ತಂದುಕೊಟ್ಟವನಿಗೆ ಅದರ ಬೆಲೆಯ ಶೇ. 5ರಿಂದ 20ರಷ್ಟು ಬಹುಮಾನ ಸಲ್ಲಬೇಕೆಂದು ಕಾನೂನು ಹೇಳುತ್ತದೆ. 3 ತಿಂಗಳೊಳಗೆ ಒಡೆಯನು ಪತ್ತೆಯಾಗದಿದ್ದರೆ ವಸ್ತುವು ಸಾಮಾನ್ಯವಾಗಿ ಸಿಕ್ಕವನಿಗೇ ಸೇರುತ್ತದೆ. ಅಷ್ಟಾದರೂ ಸೈಕಲ್ಲು, ಕೊಡೆಗಳ ಕಳವು ಅಲ್ಲಿಯೂ ಉಂಟು. ಹಾಗಾದರೆ ಆ ಪ್ರಾಮಾಣಿಕತೆ ಗುಣವೋ, ವ್ಯವಸ್ಥೆಯ ಫಲವೋ? ಎರಡನ್ನೂ ಬೇರ್ಪಡಿಸುವುದು ಕಷ್ಟ. ಕಸಬರಿಕೆ ಹಿಡಿದ ಮಗುವಿಗೆ ಮೊದಲು ಅದು ಕಟ್ಟಳೆ, ಆಮೇಲೆ ಅಭ್ಯಾಸ, ಕೊನೆಗೆ ಸ್ವಭಾವ. ನಮ್ಮ ಮನೆಗಳಲ್ಲಿ ಸೂರ್ಯಾಸ್ತದೊಳಗೆ ಊಟ ಮುಗಿಸುವುದನ್ನು ಮಕ್ಕಳು ಕಲಿಯುವುದೂ ಇದೇ ಕ್ರಮದಲ್ಲಿ. ಅಭ್ಯಾಸದಿಂದ ಹುಟ್ಟಿತೆಂಬ ಕಾರಣಕ್ಕೆ ಗುಣವು ಹಗುರವಾಗುವುದಿಲ್ಲ.

ಕಠಿಣವಾದ ಪ್ರಶ್ನೆ ಎದುರಾಗುವುದು ಊಟದ ಹೊತ್ತಿಗೆ. ತರಕಾರಿಯ ಸಾರು ಎಂದು ಮುಂದಿಟ್ಟ ಬಟ್ಟಲಿನಲ್ಲಿಯೂ ಒಣಮೀನಿನಿಂದ ತೆಗೆದ ‘ದಾಶಿ’ ಎಂಬ ರಸ ಬೆರೆತಿರುವುದು ಸಾಮಾನ್ಯ. ಕ್ರಿ.ಶ. 675ರಲ್ಲಿ ಟೆಮ್ಮು ಚಕ್ರವರ್ತಿ ಹಸು, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸಭಕ್ಷಣೆಗೆ ನಿರ್ಬಂಧ ಹಾಕಿದ್ದನು; ಮೀನು ಆ ಪಟ್ಟಿಯಲ್ಲಿ ಇರಲಿಲ್ಲ. ಕರುಣೆಗೂ ಮನುಷ್ಯನು ಗಡಿ ಹಾಕಿಕೊಳ್ಳುತ್ತಾನೆ ಎಂಬುದಕ್ಕೆ ಇದೊಂದು ನಿದರ್ಶನ. ಉಣ್ಣುವ ಮುನ್ನ ಅವರು ಕೈಜೋಡಿಸಿ ‘ಇತಾದಾಕಿಮಾಸು’ ಎನ್ನುತ್ತಾರೆ. ‘ವಿನಯದಿಂದ ಸ್ವೀಕರಿಸುತ್ತೇನೆ’ ಎಂಬುದು ಅದರ ಭಾವ. ಮಾತು ಸೊಗಸಾಗಿದೆ. ಆದರೆ ಸ್ವೀಕರಿಸಬೇಕಾದರೆ ಯಾರಾದರೂ ಕೊಟ್ಟಿರಬೇಕು. ಮೀನು ತನ್ನ ಪ್ರಾಣವನ್ನು ಕೊಟ್ಟಿತೇ? ಕೊಡದಿರುವುದನ್ನು ತೆಗೆದುಕೊಳ್ಳಬಾರದೆಂಬ ನಿಯಮವು ಪರರ ಕೊಡೆಗೆ ಅನ್ವಯಿಸುವುದಾದರೆ, ಪರಪ್ರಾಣಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸಬೇಕಲ್ಲವೇ?

ಇಲ್ಲಿಗೆ ನಿಲ್ಲಿಸಿದರೆ ತೀರ್ಪು ನಮಗೆ ಅನುಕೂಲವಾಗಿರುತ್ತದೆ. ಆದರೆ ಅದೇ ತಕ್ಕಡಿಯಲ್ಲಿ ನಾವೂ ಕುಳಿತುಕೊಳ್ಳಬೇಕು. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ತೂಕ-ಅಳತೆಯ ಮೋಸವನ್ನೂ ಕಲಬೆರಕೆಯನ್ನೂ ಸೇರಿಸಿದೆ. ತಟ್ಟೆಯ ವಿಷಯದಲ್ಲಿ ಕೂದಲೆಳೆಯಷ್ಟು ಸಡಿಲ ಬಿಡದ ನಮ್ಮಲ್ಲಿ ಎಷ್ಟು ಜನ ತಕ್ಕಡಿಯ ವಿಷಯದಲ್ಲಿಯೂ ಅಷ್ಟೇ ಬಿಗಿಯಾಗಿದ್ದೇವೆ? ಉತ್ಸವ ಮುಗಿದ ಮರುದಿನ ಬಸದಿಯ ಅಂಗಳದ ಎಲೆ, ಲೋಟಗಳನ್ನು ಎತ್ತುವ ಕೈ ಯಾರದು? ಅವರು ವಸ್ತುವಿನ ಬಳಿ ಎಚ್ಚರವಾಗಿದ್ದಾರೆ, ನಾವು ಜೀವದ ಬಳಿ. ಒಬ್ಬೊಬ್ಬರ ಎಚ್ಚರ ಒಂದೊಂದು ಕಡೆ ನಿದ್ರಿಸುತ್ತದೆ.

ಅನೇಕಾಂತವೆಂದರೆ ಎಲ್ಲವೂ ಸರಿ ಎಂದು ಕೈತೊಳೆದುಕೊಳ್ಳುವುದಲ್ಲ. ಹಿಂಸೆ ಎಲ್ಲಿದ್ದರೂ ಹಿಂಸೆಯೇ. ಪ್ರಾಮಾಣಿಕತೆ ಯಾರಲ್ಲಿದ್ದರೂ ಪ್ರಾಮಾಣಿಕತೆಯೇ. ಒಂದನ್ನು ಕಂಡು ಇನ್ನೊಂದನ್ನು ಅಲ್ಲಗಳೆಯದಿರುವುದು ಅನೇಕಾಂತ. ಜಪಾನಿನ ಬೌದ್ಧ ವಿಹಾರಗಳಲ್ಲಿ ಮೀನು ಮಾಂಸಗಳಿಲ್ಲದ ‘ಶೋಜಿನ್’ ಅಡುಗೆಯ ಪರಂಪರೆ ಇಂದಿಗೂ ಇದೆ. ಅಲ್ಲಿ ಸಾರಿನ ರುಚಿ ಕಡಲಪಾಚಿಯಿಂದ ಬರುತ್ತದೆ. ಕೋಬೆ ನಗರದಲ್ಲಿ 1985ರಲ್ಲಿ ನಿರ್ಮಾಣವಾದ ಮಹಾವೀರಸ್ವಾಮಿಯ ಮಂದಿರವಿದೆ. ದೂರವೆಂದು ನಾವು ಭಾವಿಸಿದ ಎರಡು ದಾರಿಗಳು ಆ ನೆಲದಲ್ಲಿಯೇ ಹತ್ತಿರ ಬಂದಿವೆ.

ಪ್ರವಾಸದಿಂದ ಮರಳುವವರು ನೆಂಟರಿಷ್ಟರಿಗೆ ಏನಾದರೂ ತರುವುದು ವಾಡಿಕೆ. ಕಾವಲಿಲ್ಲದ ಆ ನಾಣ್ಯದ ಡಬ್ಬಿಯ ಪಾಠವನ್ನು ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಇಟ್ಟುಕೊಂಡರೆ, ನಮ್ಮ ತಟ್ಟೆಯಲ್ಲಿರುವ ಅಹಿಂಸೆಗೆ ಒಳ್ಳೆಯ ಜೊತೆಯಾದೀತು.