ಹೊರೆ ಇಳಿಸುವ ಕಲ್ಲು

ಮೃಗಶಿರಾ ಮಳೆ ಬಿದ್ದ ಮಾರನೆಯ ಬೆಳಿಗ್ಗೆ. ಕರ್ನೂಲು ಜಿಲ್ಲೆಯ ತುಗ್ಗಲಿ ಮಂಡಲದ ಎರ್ರಗುಡಿ ಗುಡ್ಡದಲ್ಲಿ, ಅಶೋಕನ ಶಾಸನಗಳಿರುವ ಬಂಡೆಗಳ ನಡುವೆ ಮೂವರು ಕುಳಿತಿದ್ದಾರೆ. ಮೇಷ್ಟ್ರು ಆದೋನಿ ಕಡೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ವೈದ್ಯೆ ಅವರ ಹಳೆಯ ವಿದ್ಯಾರ್ಥಿನಿ. ಈ ಬೇಸಿಗೆಯಲ್ಲಿ ನೇಪಾಳದ ಖುಂಬು ಸೀಮೆಯ ಶೆರ್ಪಾ ಊರುಗಳಲ್ಲಿ ನಡೆದು ಬಂದವಳು. ಅಕ್ಕ ಕೋಸಿಗಿ ಕಡೆಯವಳು. ಮಳೆ ಬಿದ್ದೊಡನೆ ಜೊನ್ನಗಿರಿ ಹೊಲಗಳಲ್ಲಿ ವಜ್ರ ಹುಡುಕಲು ಬರುವ ನೂರಾರು ಜನರಲ್ಲಿ ಒಬ್ಬಳು. ದಣಿವಾರಿಸಿಕೊಳ್ಳಲು ಗುಡ್ಡದ ಕಡೆ ಬಂದವಳು ಇವರ ಮಾತಿಗೆ ಕಿವಿಗೊಟ್ಟು ಜತೆಗೇ ಹತ್ತಿದ್ದಾಳೆ.

ವೈದ್ಯೆ: ಅಲ್ಲಿ ಲುಕ್ಲಾ ದಾಟುತ್ತಿದ್ದಂತೆ ಹಾದಿಯುದ್ದಕ್ಕೂ ಮಣಿಕಲ್ಲುಗಳು ಮೇಷ್ಟ್ರೇ. ಬಂಡೆಯ ಮೈತುಂಬ ಕೆತ್ತಿದ ಮಂತ್ರ, ಅಕ್ಷರಗಳಿಗೆ ಬಳಿದ ಬಿಳಿ ಬಣ್ಣ. ಶೆರ್ಪಾಗಳು ಎಷ್ಟೇ ಅವಸರದಲ್ಲಿರಲಿ, ಆ ಕಲ್ಲನ್ನು ಬಲಕ್ಕೆ ಬಿಟ್ಟುಕೊಂಡೇ ದಾಟುತ್ತಾರೆ. ತೆಂಗ್ಬೋಚೆ ಮಠ 3,867 ಮೀಟರ್ ಎತ್ತರದಲ್ಲಿದೆ. 1916ರಲ್ಲಿ ಕಟ್ಟಿದ್ದು, 1934ರ ಭೂಕಂಪದಲ್ಲಿ ಕುಸಿಯಿತು. ಮತ್ತೆ ಕಟ್ಟಿದರು. 1989ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದನ್ನೂ ಕಟ್ಟಿ ನಿಲ್ಲಿಸಿದರು. ಇಲ್ಲಿನ ಬಂಡೆಗೆ ಇಪ್ಪತ್ತೆರಡು ಶತಮಾನ ದಾಟಿದರೂ ಒಂದು ಹೂವೂ ಇಲ್ಲ, ಒಂದು ದೀಪವೂ ಇಲ್ಲ. ಧರ್ಮ ಅಲ್ಲಿ ಬದುಕಿದೆ, ಇಲ್ಲಿ ಸತ್ತಿದೆ ಅನಿಸುವುದಿಲ್ಲವೇ?

ಮೇಷ್ಟ್ರು: ಬದುಕಿದೆ ಅನ್ನುವುದನ್ನು ಯಾವುದರಿಂದ ಅಳೆಯುತ್ತೀಯ? ದೀಪದಿಂದಲೋ?

ವೈದ್ಯೆ: ಜನರಿಂದ. ಬಿದ್ದದ್ದನ್ನು ಮತ್ತೆ ಎತ್ತಿ ನಿಲ್ಲಿಸುವವರು ಇದ್ದಾರಲ್ಲ, ಅದರಿಂದ.

ಮೇಷ್ಟ್ರು: ಒಪ್ಪಿದೆ. ಆದರೆ ಈ ಬಂಡೆ ಮಠ ಕಟ್ಟಿ ಎಂದು ಕೇಳಿಯೇ ಇಲ್ಲ. ಇಲ್ಲಿ ಹದಿನಾಲ್ಕು ಹಿರಿಯ ಶಾಸನಗಳಿವೆ, ಜತೆಗೆ ಕಿರಿಯ ಶಾಸನಗಳು. ಹತ್ತಿರದ ರಾಜುಲ ಮಂಡಗಿರಿಯಲ್ಲೂ ಒಂದು ಕಿರಿಯ ಶಾಸನವಿದೆ. ಆಚೆ ಮಸ್ಕಿ, ನಿಟ್ಟೂರು, ಉದೆಗೊಳ, ಕೊಪ್ಪಳ, ಬ್ರಹ್ಮಗಿರಿ. ತುಂಗಭದ್ರೆಯ ಈ ಸೀಮೆಯಷ್ಟು ಒತ್ತಾಗಿ ಅಶೋಕನ ಕಿರಿಯ ಶಾಸನಗಳು ಸಿಕ್ಕಿದ ಸೀಮೆ ಇನ್ನೊಂದಿಲ್ಲ. ಅವು ಹೇಳುವುದೇನು? ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಸ್ವರ್ಗ ದಕ್ಕುತ್ತದೆ. ಇದು ಗಡಿಯ ಜನಕ್ಕೂ ತಿಳಿಯಲಿ. ತಂದೆ ತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ. ಅಧಿಕಾರಿಗಳು ಇದನ್ನು ಭೇರಿ ಬಾರಿಸಿ ಹಳ್ಳಿಗರಿಗೆ ತಿಳಿಸಬೇಕಿತ್ತು. ಆನೆಯ ಮಾವುತರಿಗೆ, ಲೆಕ್ಕ ಬರೆಯುವವರಿಗೆ, ಪಾಠ ಹೇಳುವ ಬ್ರಾಹ್ಮಣರಿಗೆ ಕೂಡ ತಿಳಿಸಬೇಕಿತ್ತು.

ಅಕ್ಕ: ಈ ಕಡೆ ಸಾಲು ನೋಡ್ರಿ ಸಾರ್. ಇದು ಹಿಂಗ ಹೋಗಿ ಹಂಗ ತಿರುಗೈತಲ್ಲ? ಹೊಲದಾಗ ಎತ್ತು ತಿರುವಿ ಮಡಿಕೆ ಹೊಡದಂಗ ಐತಿ.

ಮೇಷ್ಟ್ರು: ಸರಿಯಾಗಿ ನೋಡಿದೆಯಮ್ಮ. ಕಿರಿಯ ಶಾಸನದಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ. ಅಶೋಕನ ಬೇರೆ ಶಾಸನಗಳಲ್ಲಿ ಹೀಗೆ ಬರೆದದ್ದು ಕಾಣುವುದಿಲ್ಲ. ಕೂಡಿಸುವ ಗುರುತಿನ ಹಾಗಿದೆಯಲ್ಲ, ಅದು ಕ. ಈ ಗುಂಡಗಿನದು ಠ. ನಾವು ಇವತ್ತು ಬರೆಯುವ ಅಕ್ಷರಗಳ ಮುತ್ತಜ್ಜಂದಿರು ಇವರು.

ಅಕ್ಕ: ಇದನ್ನ ಹುಡುಕಿದವ್ರು ಯಾರ್ರಿ?

ಮೇಷ್ಟ್ರು: 1920ರ ದಶಕದ ಕೊನೆಯಲ್ಲಿ ಅನು ಘೋಷ್ ಎಂಬ ಭೂವಿಜ್ಞಾನಿ. ಮಸ್ಕಿಯದು 1915ರಲ್ಲಿ ಸಿಕ್ಕಿತು, ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್.

ಅಕ್ಕ: ಅವರೂ ನಮ್ಮಂಗ ನೆಲ ನೋಡ್ಕೊಂಡು ತಿರುಗೋರೇ ಅಂದಂಗಾಯ್ತು. ಅವ್ರಿಗೆ ಮಾತು ಸಿಕ್ತು. ನಮಗ ಇನ್ನೂ ಏನೂ ಸಿಕ್ಕಿಲ್ಲ.

ವೈದ್ಯೆ: ಮೇಷ್ಟ್ರೇ, ಬೆಟ್ಟದ ಹಾದಿಯಲ್ಲಿ ನಡೆಯುವವರಿಗೆ ಈ ಬಂಡೆಯಲ್ಲಿ ಏನಾದರೂ ಇದೆಯೇ? ನಾನು ಅಲ್ಲಿ ನಡೆದದ್ದು ಮನಸ್ಸು ತಿಳಿಯಾಗಲಿ ಎಂದು. ತಿಳಿಯೂ ಆಯಿತು. ಅದಕ್ಕೆ ಈ ಅರಸ ಏನನ್ನುತ್ತಾನೆ?

ಮೇಷ್ಟ್ರು: ಇದೆ. ಒಂಬತ್ತನೆಯ ಶಾಸನ. ಜನ ಕಾಯಿಲೆ ಬಂದಾಗ, ಮದುವೆಯಲ್ಲಿ, ಮಗು ಹುಟ್ಟಿದಾಗ, ಪ್ರಯಾಣ ಹೊರಡುವಾಗ ತರತರದ ಮಂಗಳಾಚರಣೆ ಮಾಡುತ್ತಾರೆ ಅನ್ನುತ್ತಾನೆ. ಮಾಡಲಿ, ಆದರೆ ಅದರ ಫಲ ಅಲ್ಪ. ಹೆಚ್ಚು ಫಲ ಕೊಡುವ ಮಂಗಳ ಬೇರೆ ಇದೆ ಅನ್ನುತ್ತಾನೆ. ದಾಸರ ಜತೆ, ಆಳುಗಳ ಜತೆ ಸರಿಯಾಗಿ ನಡೆದುಕೊಳ್ಳುವುದು; ಗುರುಗಳಿಗೆ ಗೌರವ; ಪ್ರಾಣಿಗಳ ವಿಷಯದಲ್ಲಿ ಸಂಯಮ; ಶ್ರಮಣರಿಗೂ ಬ್ರಾಹ್ಮಣರಿಗೂ ದಾನ. ಈ ಪಟ್ಟಿಯಲ್ಲಿ ಮೊದಲು ಬರುವವರು ದಾಸರು, ಆಳುಗಳು. ನೀನು ನಡೆದ ಹಾದಿಯಲ್ಲಿ ಆಳು ಯಾರು?

ವೈದ್ಯೆ: ಹೊರೆಯಾಳುಗಳು. ಶೆರ್ಪಾಗಳಷ್ಟೇ ಅಲ್ಲ, ಕೆಳಗಿನ ಕಣಿವೆಗಳಿಂದ ಬರುವ ರಾಯ್, ತಮಾಂಗ್ ಜನ ಬಹಳ. ಡೋಕೋ ಎಂಬ ಬಿದಿರಿನ ಬುಟ್ಟಿ, ಅದರ ಭಾರವೆಲ್ಲ ಹಣೆಗೆ ಸಿಕ್ಕಿಸಿದ ಒಂದು ಪಟ್ಟಿಯ ಮೇಲೆ. ನಾಮ್ಚೆ ಸಂತೆಗೆ ಸರಕು ಹೊರುವವರ ಬಗ್ಗೆ 2005ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಗಂಡಸರ ಹೊರೆ ಸರಾಸರಿ ಅವರ ಮೈತೂಕದ ಶೇ. 93ರಷ್ಟಿತ್ತು. ವೈದ್ಯೆಯಾಗಿ ನನಗೆ ಅದು ಬರೀ ಅಂಕಿಯಲ್ಲ; ಆ ಭಾರ ಕತ್ತಿನ ಮೂಳೆಗೆ, ಮೊಣಕಾಲಿಗೆ ಏನು ಮಾಡುತ್ತದೆ ಎಂದು ಬಲ್ಲೆ. ಅವರ ಕೈಯಲ್ಲಿ ಇಂಗ್ಲಿಷಿನ ಟಿ ಅಕ್ಷರದಂಥ ಗಿಡ್ಡ ಕೋಲು. ನೂರು ಹೆಜ್ಜೆಗೋ ಐವತ್ತು ಹೆಜ್ಜೆಗೋ ನಿಂತು, ಆ ಕೋಲನ್ನು ಬುಟ್ಟಿಯ ತಳಕ್ಕೆ ಕೊಟ್ಟು, ನಿಂತಲ್ಲೇ ಉಸಿರೆಳೆದುಕೊಳ್ಳುತ್ತಾರೆ. ಕೂರುವುದಿಲ್ಲ.

ಅಕ್ಕ: ಹೆಂಗ ಕೂರ್ತಾರವ್ವ? ಇಳಿಸಿದ ಹೊರೆ ಮತ್ತ ಎತ್ತಾಕ ಇನ್ನೊಬ್ರು ಬೇಕು. ಒಬ್ಬರೇ ನಡಿಯೋವಾಗ ಇಳಿಸಂಗೇ ಇಲ್ಲ.

ಮೇಷ್ಟ್ರು: ಅದಕ್ಕೇ ನಮ್ಮ ಹಳೆಯ ಹಾದಿಗಳಲ್ಲಿ ಹೊರೆ ಇಳಿಸುವ ಕಲ್ಲು ನಿಲ್ಲಿಸುತ್ತಿದ್ದರು. ಎರಡು ಕಂಬದ ಮೇಲೆ ಅಡ್ಡಕ್ಕೊಂದು ಚಪ್ಪಡಿ, ಆಳಿನ ಭುಜದ ಎತ್ತರಕ್ಕೆ. ಬಗ್ಗದೆ ಹೊರೆ ಜಾರಿಸಿ, ದಣಿವಾರಿಸಿಕೊಂಡು, ಯಾರ ಕೈಯನ್ನೂ ಕಾಯದೆ ಮತ್ತೆ ಹೊತ್ತು ನಡೆಯಬಹುದು. ಹೆಚ್ಚಿನವುಗಳ ಮೇಲೆ ಒಂದಕ್ಷರವೂ ಇರುವುದಿಲ್ಲ. ಆದರೂ ಒಂಬತ್ತನೆಯ ಶಾಸನ ಹೇಳುವುದನ್ನು ಆ ಕಲ್ಲು ಮಾಡುತ್ತಿತ್ತು. ಎರಡನೆಯ ಶಾಸನದಲ್ಲಿ ಅಶೋಕ ಮನುಷ್ಯರಿಗೂ ದನಕರುಗಳಿಗೂ ಹಾದಿಯಲ್ಲಿ ಬಾವಿ ತೋಡಿಸಿದೆ, ಮರ ನೆಡಿಸಿದೆ ಅನ್ನುತ್ತಾನೆ. ಇಲ್ಲೇ ಪತ್ತಿಕೊಂಡದಲ್ಲಿ 1827ರ ಜುಲೈನಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಕಾಲರಾ ಬಂದು ತೀರಿಕೊಂಡಾಗ, ನೆನಪಿಗೆಂದು ಮಾಡಿದ ಕೆಲಸವೂ ಅದೇ: ಬಾವಿ, ತೋಪು. ಹಾಕಿಸಿದವರಿಗೆ ಅಶೋಕನ ಹೆಸರೇ ಗೊತ್ತಿರಲಾರದು. ಈ ಬಂಡೆಯನ್ನು ಓದದವರಲ್ಲೂ ಇದರ ಮಾತು ನಡೆಯುತ್ತಾ ಬಂದಿದೆ. ಹಾಗಿದ್ದ ಮೇಲೆ ಸತ್ತಿದೆ ಎಂದು ಹೇಗೆ ಅನ್ನಲಿ?

ವೈದ್ಯೆ: ಹಾಗೆಂದರೆ ಪ್ರತಿಯೊಂದು ಒಳ್ಳೆಯ ಕೆಲಸವನ್ನೂ ಈ ಬಂಡೆಯ ಲೆಕ್ಕಕ್ಕೆ ಬರೆದಂತಾಯಿತು. ಅದಿರಲಿ. ಚಾರಣಿಗರ ಪರವಾಗಿಯೂ ಒಂದು ಮಾತು ಹೇಳಬೇಕು. ನಾವು ಕೊಡುವ ಹಣದಿಂದ ಆ ಊರುಗಳು ನಡೆಯುತ್ತಿವೆ. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1961ರಲ್ಲಿ ಖುಮ್ಜುಂಗ್‌ನಲ್ಲಿ ಶಾಲೆ ಕಟ್ಟಿಸಿದರು, ಆಮೇಲೆ ಆಸ್ಪತ್ರೆಯೂ ಬಂತು. ಕೂಲಿ ಕೊಟ್ಟಿದ್ದೇವೆ. ಅದರಾಚೆ ಋಣ ಉಳಿಯುತ್ತದೆಯೇ?

ಮೇಷ್ಟ್ರು: ಕೂಲಿ ಒಪ್ಪಂದ. ನಡವಳಿಕೆ ಅದರಾಚೆಯದು. ಶಾಸನ ಕೇಳುವುದು ನಡವಳಿಕೆಯನ್ನು.

ಅಕ್ಕ: ಇಲ್ರಿ ಸಾರ್, ಹಂಗಲ್ಲ. ಕೂಲಿ ಕಡಿಮಿ ಕೊಟ್ಟು ಚಲೋ ಮಾತಾಡಿದ್ರೆ ಹೊಟ್ಟಿ ತುಂಬಲ್ಲ. ದೀಪಾವಳಿ ಆದ ಮ್ಯಾಲೆ ನಾವು ಸುಗ್ಗಿಗೆ ಹೋಗ್ತೀವಿ, ಗುಂಟೂರು ಕಡೆ, ಮೆಣಸಿನಕಾಯಿ ಹರಿಯಾಕ. ಊರಾಗ ಮನಿಗೆ ಮನಿ ಬೀಗ. ಮುದುಕರು ಒಬ್ಬೊಬ್ರು ಉಳೀತಾರ. ಮಕ್ಕಳ್ನ ಕರ್ಕೊಂಡು ಹೋದ್ರೆ ಸಾಲಿ ತಪ್ಪತೈತಿ, ಬಿಟ್ಟು ಹೋದ್ರೆ ನೋಡೋರಿಲ್ಲ. ದಿನಾ ಕಾಯಿ ಹರಿದ ಕೈ ರಾತ್ರಿ ಎಲ್ಲಾ ಉರಿ. ಆ ಕೈಲೇ ಕೂಸಿನ ಕಣ್ಣೊರಸಂಗಿಲ್ಲ. ಮೇಸ್ತ್ರಿ ಮುಂಗಡ ಕೊಟ್ಟಿರ್ತಾನ, ಅದು ತೀರೋಗಂಟ ಬರಂಗಿಲ್ಲ. ನನ್ನ ಕೇಳಿದ್ರೆ ಮೊದಲು ತೂಕ ಸರಿಯಾಗಿ ಹಿಡೀರಿ ಅಂತೀನಿ. ಆಮ್ಯಾಲೆ ನಡತಿ.

ವೈದ್ಯೆ: ನನ್ನ ವಾದಕ್ಕೆ ಬಲ ಸಿಕ್ಕಿತು.

ಅಕ್ಕ: ನಿನಗೂ ಪೂರಾ ಸಿಗಲಿಲ್ಲವ್ವ. ತೂಕ ಸರಿಯಾಗಿ ಹಿಡದು, ಕೂಸಿಗೆ ಜ್ವರ ಬಂದ್ರೆ ಲಾರಿ ನಿಲ್ಲಸದವನನ್ನ ಏನಂತೀ? ಎರಡೂ ಬೇಕು.

ವೈದ್ಯೆ: ನಿಜ. 2014ರ ಏಪ್ರಿಲ್ 18ರಂದು ಎವರೆಸ್ಟಿಗೆ ಹೋಗುವ ಖುಂಬು ಹಿಮಪ್ರಪಾತದ ಹಾದಿಯಲ್ಲಿ ಹಿಮ ಕುಸಿದು 16 ಜನ ನೇಪಾಳಿ ಕೆಲಸಗಾರರು ಸತ್ತರು. ಬೇರೆಯವರು ಶಿಖರ ಏರಲೆಂದು ಸರಕು ಸಾಗಿಸುತ್ತಿದ್ದವರು. ಆಮೇಲೆ ಶೆರ್ಪಾಗಳು ಆ ವರ್ಷ ಹತ್ತುವುದಿಲ್ಲ ಎಂದು ಕುಳಿತರು. ಸತ್ತವರ ಮನೆಗೆ ತಕ್ಕ ಪರಿಹಾರ ಕೊಡಿ, ವಿಮೆ ಹೆಚ್ಚಿಸಿ ಎಂದು ಕೇಳಿದರು. ಹಗಲಿರುಳು ಮಣಿಕಲ್ಲು ಸುತ್ತುವ ಶಾಂತ ಜನ ಎಂದು ಅವರನ್ನು ಕೊಂಡಾಡುತ್ತಿದ್ದವರಲ್ಲಿ ಕೆಲವರಿಗೆ ಅದು ಹಿಡಿಸಲಿಲ್ಲ. ನನಗೆ ಅದೂ ಧರ್ಮದ್ದೇ ಮಾತು ಅನಿಸುತ್ತದೆ. ಆದರೆ ಆ ಮಾತು ಈ ಬಂಡೆಯಲ್ಲಿ ಎಲ್ಲಿದೆ? ದಾಸರ ಜತೆ ಸರಿಯಾಗಿ ನಡೆದುಕೊಳ್ಳಿ ಅನ್ನುತ್ತಾನೆ. ದಾಸರೇ ಇರಬಾರದು ಎಂದು ಅವನು ಹೇಳಿದನೇ?

ಮೇಷ್ಟ್ರು: ಹೇಳಲಿಲ್ಲ.

ವೈದ್ಯೆ: ಇನ್ನೂ ಒಂದಿದೆ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದರು, ಅದಕ್ಕಾಗಿ ನೊಂದೆ ಎಂದು ಹದಿಮೂರನೆಯ ಶಾಸನದಲ್ಲಿ ಬರೆಸಿದ. ಅದು ಇಲ್ಲಿ, ಎರ್ರಗುಡಿಯಲ್ಲಿ ಇದೆ. ಕಳಿಂಗದಲ್ಲೇ ಇರುವ ಧೌಲಿ, ಜೌಗಡದ ಬಂಡೆಗಳಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಪೆಟ್ಟು ತಿಂದವರ ಮುಂದೆ ಆಡದ ಪಶ್ಚಾತ್ತಾಪವನ್ನು ದೂರದ ನಮ್ಮ ಮುಂದೆ ಆಡಿದ. ಅದೇ ಶಾಸನದಲ್ಲಿ ಕಾಡಿನ ಜನಕ್ಕೆ, ನೊಂದಿದ್ದರೂ ನನಗೆ ಶಿಕ್ಷಿಸುವ ಬಲವಿದೆ ಎಂಬ ಎಚ್ಚರಿಕೆಯೂ ಇದೆ. ಇಂಥವನ ಮಾತನ್ನು ಎಷ್ಟು ನೆಚ್ಚುವುದು?

ಮೇಷ್ಟ್ರು: ನೀನು ಹೇಳಿದ್ದು ಸತ್ಯ. ಶಾಲೆಯಲ್ಲಿ ಅಶೋಕನ ಪಾಠ ಮಾಡುವಾಗ ನಾವು ಇದನ್ನು ಮಕ್ಕಳಿಗೆ ಹೇಳಲೇಬೇಕು. ನಾನು ಅವನನ್ನು ನೆಚ್ಚುತ್ತಿಲ್ಲ, ಅವನ ಮಾತನ್ನು ಅವನಿಗೇ ಹಿಡಿದು ನೋಡುತ್ತಿದ್ದೇನೆ. ಆಳಿನ ಜತೆ ಸರಿಯಾಗಿ ನಡೆದುಕೊಳ್ಳುವುದೇ ಧರ್ಮದ ಆಚರಣೆ ಎಂದು ಒಬ್ಬ ಅರಸ ಬಹಿರಂಗವಾಗಿ ಬರೆಸಿದ ಮೇಲೆ, ಆ ಅಳತೆಗೋಲು ಅವನ ಕೈಯಿಂದ ಜಾರಿತು. ಅದರಿಂದ ಅವನನ್ನೂ ಅಳೆಯಬಹುದು, ಮಠವನ್ನೂ ಅಳೆಯಬಹುದು, ನಿನ್ನ ಚಾರಣವನ್ನೂ ನನ್ನ ಮೇಷ್ಟ್ರುಗಿರಿಯನ್ನೂ ಅಳೆಯಬಹುದು. ಶಾಸನ ಹೇಳಿರುವುದು ಕನಿಷ್ಠ. ಅದಕ್ಕಿಂತ ಕೆಳಗಿಳಿದರೆ ಯಾವ ಪೂಜೆಯೂ ಪೂಜೆಯಲ್ಲ, ಯಾವ ಯಾತ್ರೆಯೂ ಯಾತ್ರೆಯಲ್ಲ. ಅದಕ್ಕಿಂತ ಮೇಲೆ ಹೋಗುವುದು ಬದುಕಿರುವವರ ಕೆಲಸ.

ವೈದ್ಯೆ: ಮನಸ್ಸು ತಿಳಿಯಾಗುವುದಕ್ಕೆ ಬೆಲೆಯೇ ಇಲ್ಲವೇ ಹಾಗಾದರೆ? ತೆಂಗ್ಬೋಚೆಯ ಅಂಗಳದಲ್ಲಿ ಕುಳಿತಾಗ, ಎದುರಿಗೆ ಅಮಾ ದಬ್ಲಾಂ ಶಿಖರ, ಒಳಗೆ ಭಿಕ್ಷುಗಳ ಪಠಣ. ಆ ಹೊತ್ತು ನನ್ನಲ್ಲಿ ಯಾರ ಮೇಲೂ ಕೋಪವಿರಲಿಲ್ಲ. ಅದು ಸುಳ್ಳಲ್ಲ.

ಮೇಷ್ಟ್ರು: ಸುಳ್ಳೆಂದು ಯಾರೆಂದರು? ಕೋಪವಿಲ್ಲದ ಕಣ್ಣಿಗೆ ಕಾಣುವುದು ಹೆಚ್ಚು. ಆ ಕಣ್ಣಿಗೆ ಮೆಟ್ಟಿಲ ಕೆಳಗೆ ಕೋಲೂರಿ ನಿಂತವನೂ ಕಂಡರೆ, ತಿಳಿಯಾದದ್ದು ಸಾರ್ಥಕ. ಕಾಣದಿದ್ದರೆ ಅದು ವಿಶ್ರಾಂತಿ. ವಿಶ್ರಾಂತಿ ಒಳ್ಳೆಯದೇ, ಆದರೆ ಅದಕ್ಕೆ ಧರ್ಮ ಎಂಬ ಹೆಸರು ಬೇಡ.

ವೈದ್ಯೆ: ಕಂಡಿದ್ದ. ಅವನ ನಿಲುವು ಕಂಡದ್ದರಿಂದಲೇ ಇಷ್ಟೆಲ್ಲ ಕೇಳುತ್ತಿದ್ದೇನೆ. ಈಗ ಒಂದು ಸ್ಪಷ್ಟವಾಗುತ್ತಿದೆ. ಹಾದಿ ಪುಣ್ಯದ್ದೋ ಅಲ್ಲವೋ ಎಂದು ನಡೆದವರು ತೀರ್ಮಾನಿಸುವಂತಿಲ್ಲ. ಹೊತ್ತವರನ್ನು ಕೇಳಬೇಕು. ಅಕ್ಕ, ನೀನು ಹೇಳು. ಭೇರಿ ಬಾರಿಸಿ ಸಾರಿಸುವುದು ನಿನ್ನ ಕೈಯಲ್ಲಿದ್ದರೆ ಏನು ಸಾರಿಸುತ್ತೀ?

ಅಕ್ಕ: ನಾನಾ? ಮುಂಗಡ ಕೊಟ್ಟವ್ರು ಲೆಕ್ಕ ಬರದು ಕೈಗೆ ಕೊಡ್ರಿ ಅಂತ ಸಾರ್ತಿದ್ದೆ. ಸುಗ್ಗಿಗೆ ಹೋದೋರ ಮಕ್ಕಳಿಗೆ ಊರಾಗೇ ಹಾಸ್ಟೆಲು ಇರ್ಲಿ, ಉಂಡು ಮಲಗಿ ಸಾಲಿಗೆ ಹೋಗ್ಲಿ. ಹೊರೆ ಹೊರಿಸೋರು ಒಂದ್ಸಲ ತಾವೇ ಎತ್ತಿ ನೋಡಿ ಹೊರಿಸ್ಲಿ. ಆಮ್ಯಾಲೆ, ನಮ್ಮೂರಾಗೇ ನೀರು ಬಂದು ಬೆಳಿ ಬಂದ್ರೆ ಯಾರ ಹೊಲಕ್ಕೂ ಹೋಗೋದು ಬ್ಯಾಡ ನಮಗ. ಅದನ್ನ ದೊಡ್ಡದಾಗಿ ಸಾರ್ತಿದ್ದೆ.

ಮೇಷ್ಟ್ರು: ಆಳನ್ನು ಹೇಗೆ ಕಾಣಬೇಕೆಂದು ಅರಸ ಹೇಳಿದ್ದು ಇಲ್ಲಿ ಕಲ್ಲಿನ ಮೇಲಿದೆ. ಆಳು ಏನು ಹೇಳಿದಳೆಂಬುದು ಇಲ್ಲಿನ ಯಾವ ಬಂಡೆಯ ಮೇಲೂ ಇಲ್ಲ. ಇಷ್ಟು ಶತಮಾನ ಖಾಲಿ ಉಳಿದ ಜಾಗ ಅದು. ನೀವಿಬ್ಬರೂ ಮಾತಾಡಿದ್ದನ್ನು ಕೇಳಿದ ಮೇಲೆ ನನಗೆ ಒಂದು ಖಚಿತವಾಯಿತು. ಇಲ್ಲಿ ಹೂವಿಲ್ಲ, ದೀಪವಿಲ್ಲ ಎಂಬ ಕೊರತೆ ದೊಡ್ಡದಲ್ಲ. ಹೊರೆ ಹೊರುವವರು ಹೇಳಿ, ಹೊರಿಸುವವರು ಕೇಳಿಸಿಕೊಂಡು, ಅದರಂತೆ ಲೆಕ್ಕ ಬರೆದು, ಶಾಲೆ ತೆರೆದು, ಕೂಲಿ ಸರಿಪಡಿಸಿದ ದಿನ ಈ ಗುಡ್ಡದ ಮಾತು ಪೂರ್ತಿಯಾಗುತ್ತದೆ. ನಮ್ಮ ಕೈಲಿ ಆಗುವ ಕೆಲಸವದು. ಸಣ್ಣವರೂ ಶ್ರಮಪಟ್ಟರೆ ಸಾಧ್ಯ ಎಂದು ಬಂಡೆಯೇ ಹೇಳುತ್ತಿದೆಯಲ್ಲ, ಆ ಒಂದು ಮಾತನ್ನಂತೂ ನಾನು ಪೂರಾ ನೆಚ್ಚುತ್ತೇನೆ.