ಚಿಪ್ಪು ಯಾರದು?

ಹೋದ ವರ್ಷ ನಮ್ಮೂರ ಇತಿಹಾಸ ಸಂಘದವರು ಕೇರಿಗೆ ಬಂದಿದ್ದರು. ವಾರ್ಷಿಕೋತ್ಸವಕ್ಕೆ ಹಳೇ ವಸ್ತುಗಳ ಪ್ರದರ್ಶನ. ಊರೊಳಗಿಂದ ತಾಮ್ರದ ಹಂಡೆ, ಪಟೇಲರ ಫೋಟೋ, ಹಳೇ ಕತ್ತಿ ಎಲ್ಲಾ ಸಿಕ್ಕಿತ್ತು. ಕೇರಿಯಿಂದ ಬೇಕಾಗಿದ್ದು ಎರಡೇ. ಒಂದು ತಮಟೆ. ಇನ್ನೊಂದು, ಹಿಂದೆ ಹೋಟ್ಲಿನ ಸೂರಿಗೆ ಸಿಕ್ಕಿಸಿಡುತ್ತಿದ್ದ ತೆಂಗಿನ ಚಿಪ್ಪು. ನಮ್ಮಪ್ಪ ಬಾಗಿಲಾಚೆ ನಿಂತು ಟೀ ಕುಡಿಯುತ್ತಿದ್ದ ಚಿಪ್ಪು ನಮ್ಮ ಅಟ್ಟದ ಮೇಲಿತ್ತು. ನಾನು ಏಣಿ ಹಾಕುವಷ್ಟರಲ್ಲಿ ಅವ್ವ ತಡೆದಳು.

"ಆ ಮಾನಗೇಡನ್ನ ಎಲ್ಲರ ಮುಂದೆ ಇಟ್ಟು ತೋರುಸ್ತೀಯೇನ್ಲಾ? ನಿಮ್ಮಪ್ಪ ಸತ್ತ ಮೇಲೂ ಬಾಗಿಲಾಚೆಯೇ ನಿಂತಿರಬೇಕಾ?"

ಮಕ್ಕಳಿಗೆ ಚರಿತ್ರೆ ಪಾಠ ಹೇಳುವ ನನ್ನ ಬಾಯಿ ಕಟ್ಟಿಹೋಯಿತು. ಅವಮಾನವನ್ನು ಕಾಪಾಡಿ ಇಡುವುದು ನ್ಯಾಯವೋ, ಮರೆಯುವುದು ನ್ಯಾಯವೋ?

ಹಳೆಯದನ್ನು ಉಳಿಸುವುದು ದಂಡದ ಕೆಲಸ ಅಂತ ನಾನು ಹೇಳುವುದಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನೇ ನೋಡಿ. ಸುಮಾರು ಕ್ರಿ.ಶ. 949ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಸೇವಕ ಮಣಲೆರ. ಅವನ ನಾಯಿ ಕಾಳಿ. ಕಾಡುಹಂದಿಯ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನೆಡಿಸಿದರು, ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಉಳಿದಿದ್ದರಿಂದ ಸಾವಿರ ವರ್ಷದ ಮೇಲೂ ನಮಗೆ ನಾಯಿಯ ಹೆಸರು ಗೊತ್ತು. ನಾಯಿಯ ಮೇಲೆ ನನಗೆ ಸಿಟ್ಟಿಲ್ಲ, ಅದು ನಿಯತ್ತಿನ ಪ್ರಾಣಿ. ಆದರೆ ಆ ಭೂಮಿಯನ್ನು ಉತ್ತವರು ಯಾರು? ಕಲ್ಲನ್ನು ಹೊತ್ತು ತಂದವರು ಯಾರು? ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಸಂಘದವರೂ ಅಷ್ಟೆ. ತಮಟೆ ಕೇಳಿದರು, ಬಡಿದವನ ಹೆಸರು ಕೇಳಲಿಲ್ಲ.

ಇದೇ ಕೆಲಸವನ್ನು ಬೇರೆ ಥರ ಮಾಡಿದವರೂ ಇದ್ದಾರೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆ ಇತ್ತು. 1966ರ ಫೆಬ್ರವರಿ 11ರಂದು ವರ್ಣಭೇದದ ಸರ್ಕಾರ ಅದು ಬಿಳಿಯರಿಗೆ ಮಾತ್ರ ಎಂದು ಸಾರಿತು. ಸುಮಾರು 60,000 ಜನರನ್ನು ಒಕ್ಕಲೆಬ್ಬಿಸಿ ಮನೆಗಳನ್ನು ನೆಲಸಮ ಮಾಡಿತು. ಹೀಗೆ ಹೊರಬಿದ್ದವರೂ ಅವರ ಜೊತೆಗಾರರೂ ಸೇರಿ 1994ರಲ್ಲಿ ಒಂದು ಹಳೇ ಚರ್ಚಿನಲ್ಲಿ ತಮ್ಮದೇ ಮ್ಯೂಸಿಯಂ ತೆರೆದರು. ನೆಲದ ಮೇಲೆ ಬೀದಿಗಳ ದೊಡ್ಡ ನಕ್ಷೆ ಹಾಸಿದರು. ಹಳೇ ನಿವಾಸಿಗಳು ಬಂದು, ತಮ್ಮ ಮನೆ ಇದ್ದ ಜಾಗ ಹುಡುಕಿ, ಕೈಯಾರೆ ಹೆಸರು ಬರೆದರು. ಫೆಬ್ರವರಿ 11ಕ್ಕೆ ಖಾಲಿ ಬಯಲಿಗೆ ನಡೆದುಹೋಗಿ, ಅಲ್ಲಿನ ಕಲ್ಲುಗುಡ್ಡೆಗೆ ತಮ್ಮದೂ ಒಂದು ಕಲ್ಲು ಸೇರಿಸುತ್ತ ಬಂದರು. ಕಳಕೊಂಡ ಭೂಮಿಯನ್ನು ವಾಪಸು ಕೇಳುವ ಕಾನೂನೂ ಅದೇ 1994ರಲ್ಲಿ ಬಂತು. ವಾಪಸಾತಿ ಆಮೆಯ ನಡಿಗೆಯದು, ನಿಜ. ಆದರೂ ಅಲ್ಲಿ ನೆನಪು ಶೋಕಿಯ ವಸ್ತುವಾಗಲಿಲ್ಲ, ಹಕ್ಕಿನ ಕೂಗಾಯಿತು. ಯಾರಿಗೆ ನೋವಾಗಿತ್ತೋ ಅವರೇ ಬರೆದರು.

ಅವ್ವ ಬೇಡ ಅಂದದ್ದು ನೆನಪನ್ನಲ್ಲ. ಎರಡು ದಿನ ಬಿಟ್ಟು ಅವಳೇ ಚಿಪ್ಪು ಇಳಿಸಿಕೊಟ್ಟಳು. "ತಗಂಡೋಗು. ಆದರೆ ಕುಡಿದೋರ ಹೆಸರು ಒಂದೇ ಬರೀಬ್ಯಾಡ. ಹುಯ್ದೋರ ಹೆಸರೂ ಬರಿ. ಮಾನ ಹೋಗಿದ್ದು ಅವರದು."

ಸಂಘದವರು ಕೈ ಮುಗಿದರು. "ಗಲಾಟೆ ಆಗುತ್ತೆ ಮೇಷ್ಟ್ರೇ, ತಮಟೆ ಒಂದು ಸಾಕು" ಅಂದರು. ನಾವು ಎರಡನ್ನೂ ಕೊಡಲಿಲ್ಲ.

ನನಗೆ ಸಿಕ್ಕ ಉತ್ತರ ಇಷ್ಟೆ. ಮರೆಯುವ ಹಕ್ಕು ನೊಂದವರದು, ನೋಯಿಸಿದವರದಲ್ಲ. ನೆನೆಯುವುದಾದರೆ ಪೂರ್ತಿ ನೆನೆಯಬೇಕು.

ಗೆಳೆಯರೇ, ನಮ್ಮ ಟ್ರಂಕುಗಳಲ್ಲಿ ಸಾಗುವಳಿ ಚೀಟಿಗಳು ಗೆದ್ದಲು ಹಿಡಿಯುತ್ತಿವೆ. ಭೂಮಿ ಬಿಟ್ಟದ್ದಕ್ಕೆ ಆತಕೂರಿನ ಕಲ್ಲು ಹೇಗೆ ಸಾಕ್ಷಿಯೋ, ಅವೂ ಹಾಗೇ. ದಲಿತರಿಗೆ ಮಂಜೂರಾಗಿ ಪರರ ಕೈಸೇರಿದ ಜಮೀನನ್ನು ವಾಪಸು ಕೊಡಿಸಲು 1978ರ ಪರಭಾರೆ ನಿಷೇಧ ಕಾಯ್ದೆ ಇದೆ. ಆದರೆ ಕಾಗದ ಉಳಿದಿದ್ದರೆ ತಾನೇ ಕೇಳುವುದು? ಈ ಭಾನುವಾರ ಮಕ್ಕಳ ಕೈಗೆ ಒಂದೊಂದು ನೋಟ್‌ಬುಕ್ಕು ಕೊಟ್ಟು ಕೇರಿಯ ಜಗಲಿಗೆ ಕಳಿಸಿ. ಕೆರೆ ತೋಡಿದವರ ಹೆಸರು, ಜಮೀನು ಕಳಕೊಂಡವರ ಹೆಸರು, ಕಸಕೊಂಡವರ ಹೆಸರು, ಎಲ್ಲಾ ಬರೆದುಕೊಂಡು ಬರಲಿ.

ಚಿಪ್ಪು ಈಗ ಅಟ್ಟದ ಮೇಲಿಲ್ಲ. ಚೀಟಿಯ ಪಕ್ಕದಲ್ಲಿ, ಟ್ರಂಕಿನಲ್ಲಿದೆ.