ಹಿನ್ನೆಲೆಯ ಸತ್ಯ

ಒಬ್ಬರ ಮುಖವನ್ನು ಚಿತ್ರಿಸುವಾಗ ಅವರ ಸುತ್ತಲಿನದನ್ನು ಮಸುಕುಗೊಳಿಸುವುದು ಸುಳ್ಳಾಡಿದಂತೆ ಆಗುವುದೆ? ಈ ಪ್ರಶ್ನೆ ನನ್ನನ್ನು ಒಂದು ಮಳೆಗಾಲವಿಡೀ ಕಾಡಿತು.

ದಿವಂಗತಳಾದ ತಾಯಿಯ ಭಾವಚಿತ್ರವನ್ನು ತೈಲವರ್ಣದಲ್ಲಿ ಬರೆಯಬೇಕೆಂದು ಫೋಂಡಾದ ವೃದ್ಧ ಚಿತ್ರಕಾರರೊಬ್ಬರ ಬಳಿ ಅಭ್ಯಾಸಕ್ಕೆ ಕುಳಿತಿದ್ದೆ. ಇದ್ದುದು ಒಂದೇ ಛಾಯಾಚಿತ್ರ. ಅದರಲ್ಲಿ ಆಕೆ ಒಲೆಯ ಪಕ್ಕದಲ್ಲಿ, ಮಸಿ ಹಿಡಿದ ಬಿರುಕುಗೋಡೆಗೆ ಒರಗಿ ಕುಳಿತಿದ್ದಳು. "ಆ ಗೋಡೆ ಬೇಡ. ಬಂದವರೆಲ್ಲ ನಮ್ಮ ಬಡತನವನ್ನು ನೋಡಬೇಕೆ? ನೀಲಿ ಪರದೆಯೊಂದನ್ನು ಬರೆ" ಎಂದರು ಅಣ್ಣನವರು. ನಾನಾದರೋ ಹಠದಿಂದ ಒಂದೊಂದು ಬಿರುಕನ್ನೂ ಬರೆದೆ. ಫಲವೇನು? ನೋಡಿದವರ ಕಣ್ಣು ಗೋಡೆಯಲ್ಲಿಯೇ ನೆಟ್ಟಿತು. ತಾಯಿ ಕತ್ತರಿಸಿ ಅಂಟಿಸಿದ ಕಾಗದದಂತೆ ಕಂಡಳು.

ಗುರುಗಳು ಎರಡನ್ನೂ ಒಪ್ಪಲಿಲ್ಲ. ಮುಖಕ್ಕೆ ಬಳಸಿದ ಕಾವಿ, ನೀಲಿಗಳನ್ನೇ ಬೆರೆಸಿ ಹಿನ್ನೆಲೆಗೆ ಹಚ್ಚಿಸಿದರು. ಅದು ಹಸಿಯಾಗಿರುವಾಗಲೇ ಒಣ ಕುಂಚವನ್ನು ಹಗುರವಾಗಿ ಅಡ್ಡಡ್ಡ ಎಳೆಯಿಸಿದರು. ನೆರಳಿನ ಕಡೆಯ ಕೆನ್ನೆ, ಮುಡಿಯ ಅಂಚು ಕತ್ತಲೆಯಲ್ಲಿ ಕರಗಬೇಕು. ಬೆಳಕು ಬಿದ್ದ ಹಣೆಯ ರೇಖೆ ಮಾತ್ರ ಸ್ಪಷ್ಟವಾಗಿ ನಿಲ್ಲಬೇಕು. ನಮ್ಮ ಮಳೆಗಾಲದಲ್ಲಿ ತೈಲವರ್ಣ ಬೇಗ ಒಣಗದು; ಕಲಿಯುವವನಿಗೆ ಅದೇ ಉಪಕಾರ.

ಒಂದು ದಿನ ಪಣಜಿಗೆ ಕರೆದೊಯ್ದು, ಗೋವೆಯವರೇ ಆದ ಆಂತೋನಿಯೊ ಶಾವಿಯೆರ್ ತ್ರಿಂದಾದೆಯವರ (1870–1935) ಚಿತ್ರಗಳನ್ನು ತೋರಿಸಿದರು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಬೋಧಿಸಿದ ಇವರನ್ನು ಪೂರ್ವದೇಶದ ರೆಂಬ್ರಾಂಟ್ ಎಂದು ಕರೆದವರುಂಟು. ಅಂಚುಗಳನ್ನು ಕರಗಿಸುವ ಈ ಕ್ರಮಕ್ಕೆ ಇಟಲಿಯಲ್ಲಿ 'ಸ್ಫುಮಾತೊ' ಎಂಬ ಹೆಸರಿದೆ. ಲಿಯೊನಾರ್ಡೊ (1452–1519) ಇದರಲ್ಲಿ ನಿಷ್ಣಾತನಾಗಿದ್ದನು. ಆ ಶಬ್ದದ ಮೂಲ ಹೊಗೆ ಎಂದು ಗುರುಗಳು ಹೇಳಿದಾಗ ನಾನು ಮೂಕನಾದೆ. ತಾಯಿಯ ಆಯುಷ್ಯವೆಲ್ಲ ಕಳೆದುದು ಹೊಗೆಯಲ್ಲಿಯೇ ಅಲ್ಲವೆ!

ಗರ್ಭಗುಡಿಯ ನಂದಾದೀಪದ ಬೆಳಕಿನಲ್ಲಿ ನಾವು ಕಾಣುವುದು ದೇವರ ಮುಖವನ್ನೇ. ಹಿಂದಿನ ಗೋಡೆ ಕಾಣದೆಂದು ಯಾರೂ ದೂರುವುದಿಲ್ಲ. ಗೋಡೆ ಇಲ್ಲವೆಂದೂ ಭಾವಿಸುವುದಿಲ್ಲ. ಪರದೆಯ ಮಾತು ಬೇರೆ. ಇಲ್ಲದುದನ್ನು ಅದು ತಂದಿಡುತ್ತದೆ, ಅದೂ ನಮ್ಮ ಮಾನಕ್ಕಾಗಿ, ಆಕೆಗಾಗಿ ಅಲ್ಲ. ಆದರೆ ಬಿರುಕುಗಳು ಮಸುಕಾಗುತ್ತ ಬಂದಾಗ ನನ್ನೊಳಗೂ ಒಂದು ನೆಮ್ಮದಿ ಸುಳಿಯಿತೆಂಬುದನ್ನು ಮುಚ್ಚಿಡಲಾರೆ. ಅದು ಕಲೆಯ ನೆಮ್ಮದಿಯೋ, ಅಣ್ಣನವರ ನಾಚಿಕೆಯಲ್ಲಿ ನನಗೂ ಪಾಲಿತ್ತೋ, ಇಂದಿಗೂ ತಿಳಿಯದು.

ಚಿತ್ರ ಮುಗಿದಾಗ ಅಣ್ಣನವರು ಬಹಳ ಹೊತ್ತು ನೋಡಿದರು. "ಒಲೆ ಉರಿಯುತ್ತಿದೆಯೇನೋ" ಎಂದರು. ಪರದೆಯ ಮಾತನ್ನು ಮತ್ತೆ ಎತ್ತಲಿಲ್ಲ. ತಾಯಿಯ ಎಡಭುಜದ ಹಿಂದೆ ಒಂದು ಬಿರುಕನ್ನು ಉಳಿಸಿರುವೆನು. ಆ ಮನೆಯಲ್ಲಿ ಬೆಳೆದವರಿಗೆ ಮಾತ್ರ ಅದು ಕಾಣುತ್ತದೆ.